ಉಪ್ಪು ಗಾಳಿಯ ಊರಲ್ಲಿ ಹಳೇ ಜೀಪು: ಮನೆಯಂಗಳದಲ್ಲೇ ಬಿಚ್ಚಿ ಕಟ್ಟುವ ಬಗೆ

ಎರಡು ಮಳೆಗಾಲದ ಹಿಂದಷ್ಟೇ ಅಡಿಗೆಲ್ಲ ಕೋಟಿಂಗ್ ಮಾಡಿಸಿದ್ದ ಜೀಪು. ಕೆಳಗೆ ಬಗ್ಗಿ ನೋಡಿದರೆ ಕಪ್ಪಗೆ, ದಪ್ಪಗೆ, ಚೆನ್ನಾಗೇ ಕಾಣುತ್ತಿತ್ತು. ಹಿಂದಿನ ಕ್ರಾಸ್ ಮೆಂಬರ್ (ಅಡಿಯ ಚೌಕಟ್ಟಿನ ಅಡ್ಡ ಪಟ್ಟಿ) ಹತ್ತಿರ ಸ್ವಲ್ಪ ಉಬ್ಬಿದ ಹಾಗಿದೆಯಲ್ಲ ಅಂತ ಹೆಬ್ಬೆರಳು ಒತ್ತಿದೆ. ಬೆರಳು ಒಳಗೆ ಹೋಯಿತು. ಹಪ್ಪಳ ಮುರಿದ ಹಾಗೆ ಸದ್ದು. ಆಮೇಲೆ ಒಂದು ಹಿಡಿ ಕೆಂಪು ಪುಡಿ ಅಂಗಳಕ್ಕೆ ಸುರಿಯಿತು. ಕೋಟಿಂಗ್ ಹಾಕಿದವರು ತುಕ್ಕು ಕೆರೆದೇ ಇರಲಿಲ್ಲ. ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿ ಮೇಲೆ ಡಾಂಬರಿನಂಥ ಬಣ್ಣ. ಒಳಗೆ ಸೇರಿದ ನೀರಿಗೆ ಹೊರಗೆ ಬರಲು ದಾರಿ ಇಲ್ಲದೆ ಅಲ್ಲೇ ಕೂತು ಕಬ್ಬಿಣ ತಿಂದಿತ್ತು.

ಗಾಡಿ ನಮ್ಮ ಚಿಕ್ಕಪ್ಪನದ್ದು. ಮಹೀಂದ್ರ ಎಂಎಂ 540. ಶಿರಸಿ ಕಡೆಯ ತೋಟದಲ್ಲಿ ಗೊಬ್ಬರ, ಸೊಪ್ಪು, ಅಡಿಕೆ ಕೊನೆ ಹೊತ್ತು ಹೊತ್ತು ಸವೆದದ್ದು. ಕಾರವಾರದ ನಮ್ಮ ಮನೆಗೆ ಲಾರಿ ಮೇಲೆ ತರುವಾಗ ಅವರು ಹೇಳಿದ್ದು ಒಂದೇ ಮಾತು: "ತಗಂಡ್ ಹೋಗು ಮಾರಾಯ. ಎಂಜಿನ್ ಮುಟ್ಟೋ ಮೊದ್ಲು ಅಡಿಗೆ ಹೋಗಿ ಮಲಗಿ ನೋಡು." ನಾನು ಕೇಳಲಿಲ್ಲ. ಮೊದಲು ಎಂಜಿನ್ ಸ್ಟಾರ್ಟ್ ಮಾಡಿ, ಹೊಸ ಸೀಟು ಕೊಂಡು, ಆಮೇಲೆ ಅಡಿಗೆ ಹೋದೆ. ನೀವು ಹಾಗೆ ಮಾಡಬೇಡಿ. ನಮ್ಮ ಜಿಲ್ಲೆಯಲ್ಲಿ ಹಳೇ ಗಾಡಿಯನ್ನು ಕೊಲ್ಲೋದು ನೀರು. ಎಂಜಿನ್ ಯಾವತ್ತಾದರೂ ರಿಪೇರಿ ಆಗುತ್ತದೆ.

ಇದು ನಮ್ಮ ಕಿಟ್ ಕಾರು

ಬ್ರಿಟನ್ನಿನಲ್ಲಿ ಕಿಟ್ ಕಾರು ಅಂತ ಒಂದು ಹವ್ಯಾಸ ಇದೆ. ಗಾಡಿಯನ್ನು ಬಿಡಿಭಾಗಗಳಾಗಿ ಕೊಂಡು ಮನೆಯ ಗ್ಯಾರೇಜಿನಲ್ಲಿ ತಾವೇ ಜೋಡಿಸುತ್ತಾರೆ. 1957ರಲ್ಲಿ ಬಂದ ಲೋಟಸ್ ಸೆವೆನ್ ಇದರಲ್ಲಿ ಹೆಸರು ಮಾಡಿದ್ದು. ಬಿಡಿಯಾಗಿ ಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು, ಅದೂ ಒಂದು ಕಾರಣ. 1973ರಲ್ಲಿ ಅದರ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು. ಅಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಗಾಡಿಯನ್ನೂ ಸರಕಾರದವರು ಪರೀಕ್ಷೆ ಮಾಡಿ ನಂಬರ್ ಕೊಡುವ ಏರ್ಪಾಡು ಇದೆ.

ನಮ್ಮಲ್ಲಿ ಹಾಗಲ್ಲ. ಹೊಸ ಮಾದರಿ ರಸ್ತೆಗೆ ಇಳಿಯಬೇಕಾದರೆ ಟೈಪ್ ಅಪ್ರೂವಲ್, ಅಂದರೆ ಆ ಮಾದರಿಯನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ ಬೇಕು. ಅದು ಕಾರ್ಖಾನೆಯವರ ಕೆಲಸ, ಅಂಗಳದಲ್ಲಿ ಕಟ್ಟುವವರಿಗೆ ಎಟುಕುವುದಲ್ಲ. ಹಾಗಾಗಿ ಆರ್‌ಸಿ ಜೀವಂತ ಇರುವ ಹಳೇ ಜೀಪೇ ನಮ್ಮ ಕಿಟ್ ಕಾರು. ಜೀಪಿನ ಜಾತಕವೂ ಹಾಗೇ ಇದೆ ನೋಡಿ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ಶುರು ಮಾಡಿದ್ದೇ ಅಮೆರಿಕದಿಂದ ಬಿಡಿಯಾಗಿ ಬಂದ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸುವುದರಿಂದ. ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿದರೆ ಬಾಡಿ ಪೂರ್ತಿ ಮೇಲೆದ್ದು ಬರುತ್ತದೆ. ಬಾನೆಟ್, ಮಡ್‌ಗಾರ್ಡ್, ಪೂರ್ತಿ ಬಾಡಿ ತಗಡು ಕೂಡ ಇವತ್ತಿಗೂ ಹೊಸದಾಗಿ ಸಿಗುತ್ತದೆ. ಹರಿಯಾಣದ ಮಂಡಿ ಡಬ್ವಾಲಿ ಜೀಪು ಕಟ್ಟುವುದಕ್ಕೇ ಹೆಸರಾದ ಊರು. ಅದಿರುವುದು ಸಿರ್ಸಾ ಜಿಲ್ಲೆಯಲ್ಲಿ. ನಮ್ಮ ಶಿರಸಿಗೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಇಲ್ಲ, ಆದರೂ ಕೇಳಿದಾಗ ನಗು ಬರುತ್ತದೆ.

ದುಡ್ಡು ಕೊಡುವ ಮೊದಲು ಕಾಗದ

ಆರ್‌ಸಿಯಲ್ಲಿರುವ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಗಾಡಿಯ ಮೇಲಿನದ್ದಕ್ಕೆ ತಾಳೆ ಆಗಬೇಕು. ತಂತಿ ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಳ್ಳಿ. ಆರ್‌ಟಿಒದಲ್ಲೂ ಇದನ್ನೇ ಕೇಳುತ್ತಾರೆ. ಆ ಜಾಗಕ್ಕೆ ಗ್ರೈಂಡರ್ ತಾಗಿಸಲೇಬೇಡಿ. ನಂಬರ್ ಹೋಯಿತೋ, ಗಾಡಿ ಹೋದ ಹಾಗೇ.

ಖಾಸಗಿ ಗಾಡಿಯ ನೋಂದಣಿಗೆ 15 ವರ್ಷ ಆಯಸ್ಸು. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಅವಧಿ ಮುಗಿಯಲು 60 ದಿನ ಇರುವಾಗಿನಿಂದ ಫಾರ್ಮ್ 25ರಲ್ಲಿ ಅರ್ಜಿ ಹಾಕಬಹುದು. ಗಾಡಿ ಕಾರವಾರದ ಕೆಎ 30 ಆಗಿರಲಿ, ಶಿರಸಿಯ ಕೆಎ 31 ಅಥವಾ ಹೊನ್ನಾವರದ ಕೆಎ 47 ಆಗಿರಲಿ, ತಪಾಸಣೆಗೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು. ಅದಕ್ಕೇ ನವೀಕರಣದ ತಾರೀಕು ನೋಡಿಕೊಂಡು ಬಿಚ್ಚುವ ಕೆಲಸ ಶುರು ಮಾಡಿ.

ಮಾರ್ಪಾಡಿನ ಆಸೆ ಇದ್ದರೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಬೇರೆ ಎಂಜಿನ್ ಕೂರಿಸಿದರೆ, ಬಣ್ಣ ಬದಲಾಯಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ಮೊದಲು ಕೇಳಿ, ಆಮೇಲೆ ಮಾಡಿ. ನಿಮ್ಮದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಿಲ್ಲೀಸ್ ಆಗಿದ್ದರೆ 2021ರಲ್ಲಿ ಬಂದ ವಿಂಟೇಜ್ ನಿಯಮದಡಿ ನೋಂದಣಿ ಮಾಡಿಸಬಹುದು. ಆದರೆ ಅದರಲ್ಲಿ ದಿನಾ ಪೇಟೆಗೆ ಹೋಗಿಬರುವಂತಿಲ್ಲ.

ಮಳೆಗೆ ತಕ್ಕ ಹಾಗೆ ಕೆಲಸ ಹಂಚಿಕೊಳ್ಳಿ

ಕಾರವಾರದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಣ್ಣ, ಪುಟ್ಟಿ, ಫೈಬರ್ ಕೆಲಸದ ಹೆಸರೇ ಎತ್ತಬೇಡಿ. ಗಾಳಿಯಲ್ಲೇ ನೀರಿರುತ್ತದೆ. ಬೆಳಿಗ್ಗೆ ಕೆರೆದು ಬೆಳ್ಳಗೆ ಮಾಡಿದ ಕಬ್ಬಿಣದ ಮೇಲೆ ಸಂಜೆಗೇ ಕೆಂಪು ಪೊರೆ ಕಾಣುತ್ತದೆ.

ದಸರಾ ಮುಗಿದ ಮೇಲೆ ಬಿಚ್ಚಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಚಾಸಿ, ಬಾಡಿ, ಬಣ್ಣ. ಏಪ್ರಿಲ್ ಒಳಗೆ ಬಾಡಿ ಮತ್ತೆ ಚಾಸಿ ಮೇಲೆ ಕೂತಿರಬೇಕು. ಮಳೆಗಾಲದಲ್ಲಿ ಷೆಡ್ಡಿನೊಳಗೆ ಕೂತು ಗೇರ್‌ಬಾಕ್ಸ್, ಸೆಲ್ಫ್ ಮೋಟಾರ್, ವೈರಿಂಗ್ ಮಾಡಿ. ಒಂದೇ ವರ್ಷದಲ್ಲಿ ಮುಗಿಯುತ್ತದೆ ಅಂತ ನಾನು ಹೇಳುವುದಿಲ್ಲ. ನನಗೆ ಮೂರು ಹಿಡಿಯಿತು.

ಚಿರೇಕಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ

ನಮ್ಮ ಕಡೆ ಮನೆ ಸುತ್ತ ಬೇರೇನಿಲ್ಲದಿದ್ದರೂ ನಾಲ್ಕು ಚಿರೇಕಲ್ಲು (ಗೋಡೆ ಕಟ್ಟುವ ಕೆಂಪು ಜಂಬಿಟ್ಟಿಗೆ ಕಲ್ಲು) ಬಿದ್ದಿರುತ್ತವೆ. ಜ್ಯಾಕ್ ಕೊಟ್ಟು ಎತ್ತಿ, ಅಡಿಗೆ ಎರಡು ಕಲ್ಲು ಇಟ್ಟು, ಸುಮ್ನೆ ಒಳಗೆ ನುಗ್ಗುವ ಅಭ್ಯಾಸ ಎಲ್ಲರಿಗೂ ಇದೆ. ಈ ಕಲ್ಲಿನೊಳಗೆ ತೂತುಗಳಿರುತ್ತವೆ. ಗೋಡೆಯ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ. ಗಾಡಿಯದ್ದು ಒಂದೇ ಬಿಂದುವಿಗೆ ಬೀಳುತ್ತದೆ. ಆಗ ಅದು ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ನೆನೆದ ಕಲ್ಲಾದರೆ ಇನ್ನೂ ಬೇಗ. ಆಕ್ಸಲ್ ಸ್ಟ್ಯಾಂಡ್ ನಾಲ್ಕು ಕೊಳ್ಳಿ, ಇಲ್ಲವಾದರೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡ ಉದ್ದ ಪೇರಿಸಿ. ಅಡಿಗೆ ಹೋಗುವ ಮೊದಲು ಗಾಡಿಯನ್ನು ಕೈಯಲ್ಲಿ ಜೋರಾಗಿ ಅಲುಗಾಡಿಸಿ ನೋಡಿ. ಎಂಜಿನ್ ಇಳಿಸಲು ಮನೆಯ ಜಂತಿಗೆ ಚೈನ್ ಬ್ಲಾಕ್ ಕಟ್ಟುವುದೂ ಅಂಥದ್ದೇ ಹುಚ್ಚು. ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡ್ ಬಾಡಿಗೆಗೆ ತನ್ನಿ.

ಬಿಚ್ಚುವುದು

ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಫೋಟೊ. ಪ್ರತಿ ಜಾಗದ ಬೋಲ್ಟು, ವಾಷರ್ ಬೇರೆ ಬೇರೆ ಇಡಬೇಕು. ನಾನು ಬಳಸಿದ್ದು ಅಡಿಕೆ ಹಾಳೆಯ ತಟ್ಟೆಗಳು. ಡೀಸೆಲ್ ಸುರಿದರೂ ಕರಗುವುದಿಲ್ಲ, ಒಂದರ ಮೇಲೊಂದು ಪೇರಿಸಬಹುದು, ಅಂಚಿದೆ. ಹೆಸರು ಮಾತ್ರ ಪೆನ್ನಿನಲ್ಲಿ ಬರೆಯಬೇಡಿ, ಎಣ್ಣೆ ಕೈ ತಾಗಿ ಅಳಿಸುತ್ತದೆ. ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ ತಟ್ಟೆಗೆ ಹಾಕಿಡಿ.

ಕಚ್ಚಿಕೊಂಡ ಬೋಲ್ಟಿನ ಜೊತೆ ಜಗಳ ಬೇಡ. ತಂತಿ ಬ್ರಶ್ಶಿನಿಂದ ಎಳೆ ಸ್ವಚ್ಛ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮತ್ತೆ ಹಾಕಿ. ಮೂರನೇ ದಿನ ಪಾನಾ ಹಾಕಿದಾಗ ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ. ಟಕ್ ಅಂತ ಸಣ್ಣ ಸದ್ದು ಬರುತ್ತದೆ. ತುಕ್ಕಿನ ಹಿಡಿತ ಬಿಟ್ಟದ್ದು ಅದು. ಆಮೇಲೆ ಬಿಚ್ಚುವ ಕಡೆಗೆ ಹಿಂದೆ ಮುಂದೆ ಮಾಡುತ್ತಾ ತೆಗೆಯಿರಿ. ಸ್ಪ್ರಿಂಗ್ ಬ್ಲೇಡಿನ ಯು ಬೋಲ್ಟ್‌ಗಳಿಗೆ ಇಷ್ಟು ಉಪಚಾರ ಬೇಡ. ಕತ್ತರಿಸಿ ಎಸೆಯಿರಿ, ಹೊಸದೇ ಹಾಕಬೇಕು.

ಚಾಸಿ: ಇಲ್ಲಿ ಅವಸರ ಬೇಡ

ಹಲಸಿನಕಾಯಿ ಬೆಳೆದಿದೆಯಾ ಅಂತ ಬಡಿದು ನೋಡ್ತೀವಲ್ವಾ, ಚಾಸಿಯನ್ನೂ ಹಾಗೇ ನೋಡಬೇಕು. ಸಣ್ಣ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಿನವರೆಗೆ ಅಂಗೈ ಅಗಲಕ್ಕೊಂದು ಪೆಟ್ಟು ಕೊಡುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಸೊರಗಿದ ಜಾಗ ಡಬ್ ಅನ್ನುತ್ತದೆ, ಪುಟಿಯುವುದಿಲ್ಲ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಸ್ಪ್ರಿಂಗ್ ಬ್ಲೇಡ್ ಹಿಡಿಯುವ ಬ್ರ್ಯಾಕೆಟ್ಟುಗಳ ಸುತ್ತ, ಹಿಂದಿನ ಕ್ರಾಸ್ ಮೆಂಬರ್, ಬಾಡಿ ಕೂರುವ ಜಾಗಗಳು, ಸ್ಟೇರಿಂಗ್ ಬಾಕ್ಸ್ ಬಿಗಿಯುವ ಕಡೆ ಎರಡೆರಡು ಸಲ ಬಡಿಯಿರಿ.

ಗುರುತು ಹಾಕಿದ್ದನ್ನು ಕತ್ತರಿಸಿ ಗಟ್ಟಿ ಕಬ್ಬಿಣ ಸಿಗುವವರೆಗೂ ಹೋಗಬೇಕು. ತೂತಿನ ಮೇಲೆ ತೇಪೆ ಇಟ್ಟು ಬೆಸೆದರೆ ಎರಡು ತಗಡಿನ ನಡುವೆ ನೀರಿಗೊಂದು ಮನೆ ಕಟ್ಟಿಕೊಟ್ಟ ಹಾಗೆ. ವೆಲ್ಡಿಂಗ್ ನೀವೇ ಕಲಿಯುತ್ತಿದ್ದರೆ ಚಾಸಿಯಲ್ಲಿ ಕಲಿಯಬೇಡಿ. ಇಲ್ಲಿ ಕೆಲಸ ಬಲ್ಲವರನ್ನು ಕರೆಸಿ, ಪಕ್ಕದಲ್ಲಿ ನಿಂತು ನೋಡಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ತಂತಿ ಬಿಚ್ಚಿರಬೇಕು, ಡೀಸೆಲ್ ಟ್ಯಾಂಕ್ ಗಾಡಿಯಿಂದ ದೂರ ಇರಬೇಕು. ಟ್ಯಾಂಕಿಗೆ ಮಾತ್ರ ಖಾಲಿಯಿದ್ದರೂ ವೆಲ್ಡಿಂಗ್ ಮಾಡಬಾರದು. ಒಳಗಿನ ಆವಿಯೇ ಸಾಕು ಸಿಡಿಯಲು.

ಮುಂದಿನ ಕ್ರಮ ಹೀಗೆ. ಗ್ರೈಂಡರಿಗೆ ತಂತಿ ಚಕ್ರ ಹಾಕಿ ಉಜ್ಜಿ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಆ ತಂತಿಗಳು ಸೂಜಿಯ ಹಾಗೆ ಹಾರುತ್ತವೆ. ಆಮೇಲೆ ಸಿಹಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ಕಡಲ ಹತ್ತಿರದ ಮನೆಯಾದರೆ ಬೇಸಿಗೆಯಲ್ಲಿ ಬಾವಿ ನೀರೇ ಸವಳಾಗಿರಬಹುದು, ನಾಲಿಗೆಗೆ ತಾಗಿಸಿ ನೋಡಿ. ಉಪ್ಪು ಉಳಿದ ಕಬ್ಬಿಣದ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಗುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫೊರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಅದು ಕಪ್ಪಾದ ಮೇಲೆ ಡಬ್ಬಿಯ ಮೇಲೆ ಹೇಳಿದಂತೆ ಒರೆಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಎರಡು ಕೋಟ್. ಗೇಟಿಗೆ ಹೊಡೆಯುವ ಸಾದಾ ರೆಡ್ ಆಕ್ಸೈಡ್ ನಮ್ಮ ಹವೆಗೆ ಸಾಲದು, ಅದು ನೀರು ಕುಡಿಯುತ್ತದೆ. ಕೊನೆಗೆ ಚಾಸಿ ಬಣ್ಣ.

ಹೊರಗಿನದ್ದು ಕಾಣುತ್ತದೆ, ಮಾಡುತ್ತೇವೆ. ಚಾಸಿ ಪೆಟ್ಟಿಗೆಯಂತೆ ಮುಚ್ಚಿದ ಕಡೆ ಒಳಮೈಯನ್ನು ಎಲ್ಲರೂ ಬಿಡುತ್ತಾರೆ. ಅಲ್ಲಿರುವ ತೂತುಗಳಿಂದ ಉದ್ದ ನಳಿಗೆ ತೂರಿಸಿ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯುವ ಮೇಣ) ಹೊಡೆಯಿರಿ. ಹಳೇ ಎಂಜಿನ್ ಆಯಿಲ್ ಸುರಿಯುವುದು ನಮ್ಮೂರ ಪದ್ಧತಿ. ಅದು ರಬ್ಬರ್ ಬುಷ್‌ಗಳನ್ನು ಮೆತ್ತಗೆ ಮಾಡುತ್ತದೆ, ಮೊದಲ ಮಳೆಗೆ ತೊಳೆದು ಬಾವಿಯ ಕಡೆ ಹೋಗುತ್ತದೆ. ನನಗೆ ಇಷ್ಟವಿಲ್ಲ.

ತಗಡು, ಫೈಬರ್, ಬಣ್ಣ

ಬಾಡಿಯ ನೆಲದ ಅಡಿಗೆ ಬಲಕ್ಕೆಂದು ಬೆಸೆದ ಉದ್ದ ಚಾನೆಲ್‌ಗಳಿರುತ್ತವೆ. ತೋಟದ ಕೆಸರು ಅಲ್ಲೇ ಸೇರಿ, ಒಣಗದೆ, ನೆಲದ ತಗಡನ್ನು ಕೆಳಗಿನಿಂದ ತಿನ್ನುತ್ತದೆ. ಚಿಕ್ಕಪ್ಪನ ಗಾಡಿಯ ಚಾನೆಲ್‌ನಿಂದ ನಾನು ತೆಗೆದ ಮಣ್ಣಿನಲ್ಲಿ ಒಂದು ಅಡಿಕೆ ಮೊಳಕೆ ಒಡೆದಿತ್ತು. ನೆಲ, ಪೆಡಲ್ ಹಿಂದಿನ ತಗಡು, ಬ್ಯಾಟರಿ ತಟ್ಟೆ ಇಷ್ಟೇ ಹಾಳಾಗಿದ್ದರೆ ತುಂಡು ತಗಡು ಬೆಸೆಯಿರಿ. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಹೊಸ ಬಾಡಿ ತಗಡು ತರಿಸುವುದೇ ಅಗ್ಗ. ಟಿಂಕರಿಂಗ್ ಕೂಲಿ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಮೇಲೆ ಫೈಬರ್ ಟಾಪ್ ಇದ್ದು ಬಿರುಕು ಬಿಟ್ಟಿದ್ದರೆ ಕಾರು ಗ್ಯಾರೇಜಿಗೆ ಹೋಗಬೇಡಿ, ದೋಣಿ ಕಟ್ಟುವವರ ಹತ್ತಿರ ಹೋಗಿ. ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ ದೋಣಿಗಳ ಫೈಬರ್ ಕೆಲಸ ವರ್ಷವಿಡೀ ನಡೆಯುತ್ತದೆ. ಬ್ರಿಟನ್ನಿನ ಕಿಟ್ ಕಾರಿನವರು ಪುಸ್ತಕ ನೋಡಿ ಕಲಿಯುವುದನ್ನು ಇವರು ಕಣ್ಣಂದಾಜಿನಲ್ಲಿ ಮಾಡುತ್ತಾರೆ. ನಾನು ಕಲಿತದ್ದು ಇಷ್ಟು: ಬಿರುಕಿನ ಎರಡೂ ಕಡೆ ಇಳಿಜಾರಾಗಿ ಕೆರೆಯಬೇಕು. ಒಳಗಿನಿಂದ ಮ್ಯಾಟ್ (ಗಾಜಿನ ಎಳೆಯ ಹಾಸು) ಮತ್ತು ರೆಸಿನ್ (ಗಟ್ಟಿಯಾಗುವ ಅಂಟು) ಒಂದರ ಮೇಲೊಂದು ಹಚ್ಚಿ ರೋಲರಿನಿಂದ ಗಾಳಿಗುಳ್ಳೆ ಓಡಿಸಬೇಕು. ಪಾಲಿಯೆಸ್ಟರ್ ರೆಸಿನ್ 100 ಗ್ರಾಂಗೆ ಹಾರ್ಡನರ್ 1ರಿಂದ 2 ಗ್ರಾಂ ಸಾಕು. ಜಾಸ್ತಿ ಹಾಕಿದರೆ ಡಬ್ಬಿಯಲ್ಲೇ ಕುದಿದು ಗಟ್ಟಿಯಾಗುತ್ತದೆ. ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಬೇರೆ ಬಾಟಲಿಯಲ್ಲಿ ಬಂದರೆ ಅದನ್ನು ಮೊದಲು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡನರ್ ನೇರವಾಗಿ ಒಂದಕ್ಕೊಂದು ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಬೇಡಿ.

ಬಣ್ಣಕ್ಕೆ ದಿನದ ಹೊತ್ತೂ ಮುಖ್ಯ. ಇಬ್ಬನಿ ಆರಿದ ಮೇಲೆ, ಅಂದರೆ ಒಂಬತ್ತರ ಸುಮಾರಿಗೆ ಶುರು ಮಾಡಿ ಹನ್ನೊಂದೂವರೆಗೆ ನಿಲ್ಲಿಸಿ. ಆಮೇಲೆ ಕಡಲ ಗಾಳಿ ಏಳುತ್ತದೆ. ಅದು ಉಪ್ಪನ್ನೂ ಮರಳನ್ನೂ ಹೊತ್ತು ತಂದು ಹಸಿ ಬಣ್ಣಕ್ಕೆ ಅಂಟಿಸುತ್ತದೆ. ನನ್ನ ಬಾನೆಟ್ ಮೇಲೆ ಕೈ ಆಡಿಸಿದರೆ ಇವತ್ತಿಗೂ ಕಾಳುಕಾಳು.

ಮೊದಲು ನಿಲ್ಲುವುದು, ಆಮೇಲೆ ಓಡುವುದು

ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಬ್ರೇಕ್ ಸಿದ್ಧವಾಗಿರಬೇಕು. 540ಕ್ಕೆ ನಾಲ್ಕೂ ಗಾಲಿಗೆ ಡ್ರಮ್. ವೀಲ್ ಸಿಲಿಂಡರ್ ಒಳಗೆ ಉಗುರಿಗೆ ಸಿಗುವಂಥ ಗುಳಿ ಕಂಡರೆ ರಬ್ಬರ್ ಕಿಟ್ ಹಾಕಿ ದುಡ್ಡು ಉಳಿಸಬೇಡಿ, ಸಿಲಿಂಡರೇ ಬದಲಾಯಿಸಿ. ಬ್ರೇಕ್ ಪೈಪ್ ಎಲ್ಲ ಹೊಸದು. ಹಳೇ ಪೈಪ್ ತುಕ್ಕು ಹಿಡಿಯುವುದು ಕ್ಲಿಪ್ಪಿನ ಅಡಿಗೆ, ಕಾಣದ ಜಾಗದಲ್ಲಿ. ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಭಾಗ) ದೂರದ ಗಾಲಿಯಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಪೆಡಲ್ ಒತ್ತಿ ಹಿಡಿಯಲು ಮನೆಯವರು ಯಾರಾದರೂ ಬೇಕು. ಈ ಕೆಲಸದಲ್ಲಿ ನನ್ನ ಮಗಳು "ಒತ್ತಿದೆ", "ಬಿಟ್ಟೆ" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಬೇರೆ ಊರಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದನ್ನು ನಾನು ಇಲ್ಲಿ ಪ್ರತಿ ಮಳೆಗಾಲದ ನಂತರ ಮಾಡುತ್ತೇನೆ.

ಸ್ಟೇರಿಂಗ್ ನೋಡುವುದು ಸುಲಭ. ಮುಂದಿನ ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಡಿದರೆ ಬೇರಿಂಗ್ ಅಥವಾ ಕಿಂಗ್ ಪಿನ್ (ಗಾಲಿ ಎಡ ಬಲ ತಿರುಗುವ ಗೂಟ). ಎಡ ಬಲ ಹಿಡಿದಾಗ ಆಡಿದರೆ ಟೈ ರಾಡ್ (ಎರಡು ಗಾಲಿ ಜೋಡಿಸುವ ಸರಳು) ತುದಿಗಳು.

ಈಗ ಎಂಜಿನ್. ಎಂಎಂ 540ರಲ್ಲಿರುವುದು 2112 ಸಿಸಿಯ ಪ್ಯೂಜೊ ಡೀಸೆಲ್, ಗಟ್ಟಿ ಪಿಂಡ. ವರ್ಷಗಟ್ಟಲೆ ನಿಂತಿದ್ದರೆ ನೇರ ಸೆಲ್ಫ್ ಹೊಡೆಯಬೇಡಿ. ಆಯಿಲ್, ಫಿಲ್ಟರ್ ಬದಲಾಯಿಸಿ. ಹೀಟರ್ ಪ್ಲಗ್‌ಗಳನ್ನು ಬಿಚ್ಚಿ ಆ ತೂತುಗಳಲ್ಲಿ ಎರಡು ಚಮಚ ಎಣ್ಣೆ ಬಿಟ್ಟು, ಒಂದು ದಿನ ಕಳೆದು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಸಂತೋಷ. ಹಳೇ ಡೀಸೆಲ್ ನೆಲಕ್ಕೆ ಚೆಲ್ಲದೆ ಪೂರ್ತಿ ಡಬ್ಬಿಗೆ ತೆಗೆಯಿರಿ, ಹೊಸದು ಹಾಕಿ ಪೈಪಿನೊಳಗಿನ ಗಾಳಿ ತೆಗೆಯಿರಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಗಾಳಿ ಎಳೆಯುವ ಬಾಯಿಯ ಹತ್ತಿರ ಒಬ್ಬರು ಮಟ್ಟಸವಾದ ಹಲಗೆ ಹಿಡಿದು ನಿಂತಿರಲಿ. ಡೀಸೆಲ್ ಪಂಪ್ ಕೆಟ್ಟು ಎಂಜಿನ್ ಹುಚ್ಚೆದ್ದು ಓಡಿದರೆ ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ನಿಲ್ಲುತ್ತದೆ. ಅಂಗೈ ಅಡ್ಡ ಹಿಡಿಯಬೇಡಿ. ರೇಡಿಯೇಟರಿಗೆ ಬಾವಿ ನೀರಲ್ಲ, ಕೂಲಂಟ್. ಪಂಪ್ ಮತ್ತು ನಾಜಲ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಅದಕ್ಕೆ ಟೆಸ್ಟ್ ಬೆಂಚ್ ಇರುವವರೇ ಬೇಕು.

ವೈರಿಂಗಿನಲ್ಲಿ ಹತ್ತಕ್ಕೆ ಎಂಟು ತೊಂದರೆ ಅರ್ಥಿಂಗಿನದ್ದು. ತಂತಿ ಚಾಸಿಗೆ ಕೂರುವ ಜಾಗದಲ್ಲಿ ಬಣ್ಣ ಕೆರೆದು ಬಿಗಿಯಿರಿ, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಹಾರ್ನೆಸ್ (ತಂತಿಗಳ ಇಡೀ ಕಟ್ಟು) ಹೊಸದೇ ತರಿಸಿ. ತೋಟದ ಮನೆಯಾದರೆ ಇಲಿಗಳದ್ದು ಬೇರೆ ಕಾಟ, ಬಾನೆಟ್ ತೆರೆದಿಟ್ಟು ನಿಲ್ಲಿಸಿದರೆ ಕಡಿಮೆ.

ಮೊದಲ ಓಡಾಟ ಅಂಗಳದಲ್ಲಿ, ಆಮೇಲೆ ಸಪಾಟು ರಸ್ತೆಯಲ್ಲಿ. ನೂರು ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್, ಗಾಲಿ ನಟ್ಟು, ಬಾಡಿ ಬೋಲ್ಟು ಎಲ್ಲ ಮತ್ತೆ ಬಿಗಿಯಿರಿ. ಖಂಡಿತ ಸಡಿಲ ಆಗಿರುತ್ತವೆ. ಚಿಕ್ಕಪ್ಪನಿಗೆ ತೋರಿಸುವ ಉತ್ಸಾಹದಲ್ಲಿ ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸುವುದು ಅದರ ನಂತರ. ಇಳಿಯುವಾಗ ಎರಡನೇ ಗೇರ್. ಬ್ರೇಕ್ ಒತ್ತಿಹಿಡಿದು ಇಳಿದರೆ ಡ್ರಮ್ ಕಾದು, ಅರ್ಧ ಘಟ್ಟಕ್ಕೇ ಪೆಡಲ್ ಒತ್ತಿದರೂ ಗಾಡಿ ನಿಲ್ಲದಂತಾಗುತ್ತದೆ.

ಕಟ್ಟಿದ ಮೇಲೆ ನೋಡಿಕೊಳ್ಳುವುದು

ಕರಾವಳಿಗೆ ಉಪ್ಪಿನ ಚಿಂತೆ, ಘಟ್ಟದ ಮೇಲೆ ತೇವದ ಚಿಂತೆ. ಕಾರವಾರದಲ್ಲಿ ನಾನು ಹದಿನೈದು ದಿನಕ್ಕೊಮ್ಮೆ ಅಡಿಭಾಗ ಸಿಹಿನೀರಿನಲ್ಲಿ ತೊಳೆಯುತ್ತೇನೆ. ತೀರದ ಮರಳಿನ ಮೇಲೆ ಗಾಡಿ ಇಳಿಸುವುದಿಲ್ಲ. ಶಿರಸಿ ಕಡೆಯವರು ಟಾರ್ಪಾಲು ಮೈಗೆ ಅಂಟುವಂತೆ ಹೊದಿಸಬೇಡಿ, ಒಳಗೆ ಬೆವರುತ್ತದೆ. ಮಾಡಿನ ಅಡಿಗೆ ಗಾಳಿಯಾಡುವ ಹಾಗೆ ನಿಲ್ಲಿಸಿ.

ನೆಲದಲ್ಲಿ ನೀರು ಇಳಿಯುವ ತೂತುಗಳಿಗೆ ತಿಂಗಳಿಗೊಮ್ಮೆ ಹಿಡಿಕಡ್ಡಿ ಚುಚ್ಚಿ. ಐದು ನಿಮಿಷದ ಈ ಕೆಲಸ ಬಿಟ್ಟದ್ದಕ್ಕೇ ಅರ್ಧ ಜೀಪುಗಳ ನೆಲ ಹೋಗಿರುವುದು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಲ್ಲ ಗ್ರೀಸ್ ನಿಪ್ಪಲ್‌ಗಳಿಗೂ ಹೊಸ ಗ್ರೀಸ್ ಹೊರಗೆ ಬರುವವರೆಗೆ ಪಂಪ್ ಮಾಡಿ. ನೀರಿನಲ್ಲಿ ಇಳಿದು ಬಂದಿದ್ದರೆ ಗೇರ್ ಆಯಿಲ್, ಆಕ್ಸಲ್ ಆಯಿಲ್ ಬಿರಡೆ ತೆಗೆದು ಬೆರಳು ಅದ್ದಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಕಂಡರೆ ನೀರು ಸೇರಿದೆ, ಅವತ್ತೇ ಬದಲಾಯಿಸಿ.

ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ನಿಂತಲ್ಲೇ ಐದು ನಿಮಿಷ ಗುಡುಗಿಸುವುದರಿಂದ ಪ್ರಯೋಜನ ಇಲ್ಲ, ಸೈಲೆನ್ಸರ್ ಒಳಗೆ ನೀರು ಕೂರುತ್ತದೆ ಅಷ್ಟೇ. ಮಳೆಯಲ್ಲಿ ಓಡಿಸಿ ಬಂದು ನಾಲ್ಕು ದಿನ ನಿಲ್ಲಿಸುವುದಿದ್ದರೆ ಹ್ಯಾಂಡ್ ಬ್ರೇಕ್ ಎಳೆದಿಡಬೇಡಿ, ಬ್ರೇಕ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿ ಹಾಕಿ, ಗಾಲಿಗೆ ಮರದ ಅಡ್ಡ ಕೊಡಿ. ಚಿರೇಕಲ್ಲು ಈ ಕೆಲಸಕ್ಕೆ ಆಗುತ್ತದೆ.